ಅವಳ ಇಜಾರ, ನನ್ನ ಪರಕಾರ

ಯಲ್ಲಾಪುರದ ಶಾಲೆಯಲ್ಲಿ ನಾಲ್ಕನೆಯ ಇಯತ್ತೆಗೆ ಬರುವ ಹೊತ್ತಿಗೆ ನಮ್ಮ ತರಗತಿಯಲ್ಲಿ ಉಳಿದ ಹೆಣ್ಣುಮಕ್ಕಳು ಇಬ್ಬರೇ. ನಾನೊಬ್ಬಳು. ಇನ್ನೊಬ್ಬಳು ಅರಬೈಲ್ ಘಟ್ಟ ಇಳಿದು ಅಂಕೋಲೆಗೆ ಮೋಟಾರು ಹೊಡೆಯುವವರ ಮಗಳು, ಮುಸ್ಲಿಮರ ಮನೆಯವಳು. ನನಗೆ ಪಾದ ಮುಚ್ಚುವ ಲಂಗ, ನಮ್ಮ ಕಡೆಯ ಮಾತಲ್ಲಿ ಪರಕಾರ. ಅವಳಿಗೆ ಉದ್ದ ಅಂಗಿಯ ಕೆಳಗೆ ನೀಲಿ ಇಜಾರ.

ಕವಾಯತಿನ ಹೊತ್ತಿಗೆ ಮಾಸ್ತರರು, "ಪರಕಾರದವರು ಬದಿಗೆ ಕೂತ್ಕೊಳ್ಳಿ" ಎನ್ನುತ್ತಿದ್ದರು. ಪರಕಾರದವಳು ನಾನೊಬ್ಬಳೇ! ಹುಡುಗರ ಟೊಪ್ಪಿಗಳನ್ನು ಮಡಿಲಲ್ಲಿಟ್ಟುಕೊಂಡು ಕೂತಿರುತ್ತಿದ್ದೆ. ಹುಡುಗರು ಓಡಿದರೆ ನನಗೇನೂ ಅನಿಸುತ್ತಿರಲಿಲ್ಲ. ಅವಳು ಓಡಿದರೆ ಹೊಟ್ಟೆಯೊಳಗೆ ಉರಿ.

ಮನೆಯಲ್ಲಿ ಅಮ್ಮನನ್ನು ಕೇಳಿದೆ. "ಆಯಿ, ಯಂಗೂ ಒಂದು ಇಜಾರ ಹೊಲಿಸ್ಕೊಡು."

"ಎಂತ ಹೇಳ್ತೆ ಕೂಸೆ! ನಾಳೆ ಅಪ್ಪಯ್ಯನ ಪಂಜೆ ಕೇಳ್ತೆ" ಎಂದು ಆಯಿ ನಕ್ಕುಬಿಟ್ಟಳು.

ಶಾಲೆಯ ತಪಾಸಣೆಗೆ ಸಾಹೇಬರು ಬರುತ್ತಾರೆಂದು ಓಟದ ಪಂದ್ಯ ನಿಗದಿಯಾಯಿತು. ಅಭ್ಯಾಸದ ದಿನ ಅವಳು ಎಲ್ಲ ಹುಡುಗರನ್ನೂ ಹಿಂದೆ ಹಾಕಿದಳು. ಏದುಸಿರು ಬಿಡುತ್ತ ನನ್ನ ಹತ್ತಿರವೇ ಬಂದು, "ನೋಡಿದ್ಯಾ?" ಎಂದಳು.

ನೋಡಿದ್ದೆ. ಶಾಲೆ ಬಿಟ್ಟಮೇಲೆ ಮಾಸ್ತರರ ಬಳಿ ಹೋಗಿ, "ಅವಳು ಗಂಡುಹುಡುಗರ ಹಾಂಗೆ ಬಟ್ಟೆ ಹಾಕ್ತಾಳೆ. ಸಾಹೇಬರು ಬೈದ್ರೆ?" ಎಂದೆ. ಅದುವರೆಗೆ ಅವರಿಗೆ ಆ ಯೋಚನೆಯೇ ಬಂದಿರಲಿಲ್ಲ.

ಮರುದಿನ ಅವಳನ್ನು ಎದ್ದು ನಿಲ್ಲಿಸಿದರು. "ನಾಳೆಯಿಂದ ಪರಕಾರ ಉಟ್ಟು ಬಾ."

"ಇದು ಗಂಡಸರದ್ದಲ್ಲ ಮಾಸ್ತರೇ. ನಮ್ಮ ಅಮ್ಮಿನೂ ಇದನ್ನೇ ಹಾಕೋದು."

"ಮನೇಲಿ ಏನಾದ್ರೂ ಹಾಕು. ಶಾಲೇಲಿ ಆಗೂದಿಲ್ಲ."

ಎರಡು ದಿನ ಅವಳು ಬರಲಿಲ್ಲ. ಮೂರನೆಯ ದಿನ ಯಾರದೋ ಪರಕಾರ ಉಟ್ಟು, ಎಡವುತ್ತ ಬಂದು ನನ್ನ ಪಕ್ಕ ಕೂತಳು. ನನಗೆ ಸಮಾಧಾನವಾಗಬೇಕಿತ್ತು. ಆದರೆ ಕವಾಯತು ಶುರುವಾದಾಗ ಪರಕಾರದೊಳಗೆ ಅವಳ ಕಾಲು ಸುಮ್ಮನಿರಲಿಲ್ಲ. ಕಳೆದುಕೊಳ್ಳಲಿಕ್ಕೆ ಅವಳಿಗೆ ಓಟವಾದರೂ ಇತ್ತು, ನನಗೆ ಅದೂ ಇಲ್ಲ. ಅದಕ್ಕೂ ಹೊಟ್ಟೆಕಿಚ್ಚುಪಟ್ಟೆ.

"ಮಾಸ್ತರಿಗೆ ಯಾರು ಹೇಳಿದ್ರೋ ಏನೋ" ಎಂದಳು.

"ಗೊತ್ತಿಲ್ಲ" ಎಂದೆ.

ಸಾಹೇಬರ ಮುಂದೆ ಹುಡುಗರಷ್ಟೇ ಓಡಿದರು. ರಜೆ ಮುಗಿದು ಶಾಲೆ ತೆರೆದಾಗ ಅವಳು ಬರಲಿಲ್ಲ. ಮನೆಯಲ್ಲೇ ಇಟ್ಟುಕೊಂಡರಂತೆ. ಹಾಜರಿ ಕರೆಯುವಾಗ ಮಾಸ್ತರರು ಮೊದಲೆರಡು ದಿನ ಅವಳ ಹೆಸರಿಗೆ ತಡೆದು ನಿಂತರು. ಆಮೇಲೆ ಕರೆಯುವುದನ್ನೇ ಬಿಟ್ಟರು.