ತೊಡೆಯ ಮೇಲೆ ತಾಳ ಹಾಕುವಂತಿಲ್ಲ

ಫೆಬ್ರವರಿಯ ಎರಡನೆಯ ಭಾನುವಾರ, ಮಧ್ಯಾಹ್ನ ಮೂರು ಗಂಟೆ. ಲಂಡನ್ನಿನ ಕಿಂಗ್ಸ್‌ಬರಿಯಲ್ಲಿ ನಮ್ಮ ರಸ್ತೆಯ ತುದಿಗಿರುವ ಸಮುದಾಯ ಭವನ. ಹಾಜರಿದ್ದವರು ನಾನು, ನಮ್ಮ ಯಜಮಾನರು, ಕೊಲಿಂಡೇಲಿನ ಹುಡುಗಿ, ಪಾರ್ಕ್ ರಾಯಲ್‌ನ ಬ್ರೆಡ್ ಕಾರ್ಖಾನೆಯಲ್ಲಿ ಪಾಳಿ ಮುಗಿಸಿ ನೇರವಾಗಿ ಬಂದ ಹೆಂಗಸರು, ನಮ್ಮ ಗಾಯನವೃಂದದ ಉಳಿದೆಲ್ಲರೂ. ಬಾರದವರು ಒಬ್ಬರೇ. ಅವರು ಇನ್ನು ಬರುವುದಿಲ್ಲ.

ಅವರ ಎಡಗೈಯಿಂದಲೇ ಶುರು ಮಾಡಬೇಕು. ಅಗಲವಾದ ಅಂಗೈ, ಹಿಟ್ಟು ನಾದಿ ಪಳಗಿದವರಂಥ ದಪ್ಪ ಬೆರಳುಗಳು, ಹೆಬ್ಬೆರಳಿನ ಬುಡದಲ್ಲಿ ಹಳೆಯ ಸುಟ್ಟ ಕಲೆ. ಆ ಕೈ ಮುಷ್ಟಿ ಕಟ್ಟಿದರೆ ಅದು ಷಡ್ಜ. ಓರೆಯಾಗಿ ಮೇಲೆದ್ದರೆ ರಿಷಭ. ಮೇಜು ಸವರುವಂತೆ ಚಪ್ಪಟೆಯಾದರೆ ಗಾಂಧಾರ. ಅಂಗೈ ಎದೆಯ ಕಡೆ ತಿರುಗಿದರೆ ಪಂಚಮ. ತೋರುಬೆರಳು ಚಾವಣಿಯತ್ತ ಎದ್ದರೆ ನಿಷಾದ. ಆ ನಿಷಾದವನ್ನು ಯಾರಾದರೂ ಮುಟ್ಟದೆ ಕೆಳಗೇ ಉಳಿದರೆ ಬೆರಳು ಚಾವಣಿ ಬಿಟ್ಟು ಅವರತ್ತ ತಿರುಗುತ್ತಿತ್ತು. ಹಂಗೆರಿಯ ಶಾಲೆಗಳಲ್ಲಿ ಮಕ್ಕಳಿಗೆ ಹಾಡು ಕಲಿಸುವ ಕ್ರಮ ಇದು. ಮಗ್ಗಿಗಿಂತ ಮೊದಲೇ ಇದನ್ನು ಕಲಿತಿದ್ದೆ ಎಂದು ಅವರು ಹೇಳುತ್ತಿದ್ದರು. ಬಲಗೈ ಲಯಕ್ಕೆ, ಎಡಗೈ ಸ್ವರಕ್ಕೆ. ಎರಡೂ ಕೈಗಳಿಗೆ ಬೇರೆ ಬೇರೆ ಕೆಲಸ, ಒಂದರ ಕೆಲಸಕ್ಕೆ ಇನ್ನೊಂದು ಹೋಗುತ್ತಿರಲಿಲ್ಲ.

ನಾವು ಅವರನ್ನು ಮೇಷ್ಟ್ರು ಎನ್ನುತ್ತಿದ್ದೆವು. ಸಂಗೀತ ರಚಿಸುವುದು, ಗಾಯನವೃಂದ ನಡೆಸುವುದು ಅವರ ವೃತ್ತಿ. ನಮ್ಮ ಪಕ್ಕದ ಮನೆಯವರು. ಎರಡು ಮನೆಗೂ ನಡುವಿನ ಗೋಡೆ ಒಂದೇ. ನಾನು ಮೈಸೂರಿನವಳು, ಇಲ್ಲಿನ ಆಸ್ಪತ್ರೆಗಳಲ್ಲಿ ಅರಿವಳಿಕೆ ವೈದ್ಯೆಯಾಗಿ ದುಡಿದು ನಿವೃತ್ತಳಾದವಳು. ನನ್ನ ಕೆಲಸದಲ್ಲಿ ‘ಸುಮಾರಾಗಿ’ ಎನ್ನುವ ಮಾತಿಗೆ ಜಾಗವಿರಲಿಲ್ಲ. ಗೋಡೆಯಾಚೆ ದಿನವೂ ಒಂದೇ ಹೊತ್ತಿಗೆ ಪಿಯಾನೋ ಶುರುವಾಗಿ ಒಂದೇ ಹೊತ್ತಿಗೆ ನಿಲ್ಲುತ್ತಿದ್ದುದರಿಂದ, ಮುಖ ನೋಡುವ ಮೊದಲೇ ಅವರ ಬಗ್ಗೆ ನನಗೆ ಗೌರವ ಹುಟ್ಟಿತ್ತು.

ಒಂದು ಬೆಳಗ್ಗೆ ಅವರೇ ಬಂದು ಬಾಗಿಲು ತಟ್ಟಿದರು. ಅವರು ಆಡುತ್ತಿದ್ದುದು ಇಂಗ್ಲಿಷ್. ಅದನ್ನು ನಮ್ಮ ಮಾತಿನಲ್ಲೇ ಬರೆಯುತ್ತೇನೆ.

“ಡಾಕ್ಟರ್, ನಿಮ್ಮ ಮನೆಯಲ್ಲಿ ಬೆಳಗ್ಗೆ ಹಾಡುವವರು ಯಾರು?”

“ನಮ್ಮ ಯಜಮಾನರು. ತೊಂದರೆಯಾಯಿತೇ?”

“ಆಯಿತು. ಪ್ರತಿದಿನ ಒಂದೇ ಜಾಗದಲ್ಲಿ ಶ್ರುತಿ ಇಳಿಯುತ್ತಾರೆ. ಕಂಡಕಂಡಲ್ಲಿ ಇಳಿಯುವವರಾಗಿದ್ದರೆ ನಾನು ಕಿವಿಗೆ ಹತ್ತಿ ಇಟ್ಟುಕೊಳ್ಳುತ್ತಿದ್ದೆ. ಒಂದೇ ಜಾಗದಲ್ಲಿ ಇಳಿಯುವವರನ್ನು ಸರಿಪಡಿಸಬಹುದು. ಭಾನುವಾರ ಮೂರು ಗಂಟೆಗೆ ಭವನಕ್ಕೆ ಕಳಿಸಿ.”

ನಮ್ಮ ಯಜಮಾನರು ಧಾರವಾಡದವರು, ಮೂಳೆ ಡಾಕ್ಟರು. ತಲೆಗೆ ಟವೆಲ್ ಸುತ್ತಿಕೊಂಡು ಮೆಟ್ಟಿಲ ಮೇಲೆ ನಿಂತು ಎಲ್ಲವನ್ನೂ ಕೇಳಿಸಿಕೊಂಡಿದ್ದರು.

“ಬಚ್ಚಲದಾಗ ಹಾಡೂದಕ್ಕೂ ಪರೀಕ್ಷಾ ಕೊಡಬೇಕೇನು? ಯಾಂವ ಇಂವ, ದೊಡ್ಡ ಪಂಡಿತ?”

“ಒಂದ್ ವಾರ ಹೋಗ್ ಬನ್ನಿ, ಏನ್ ಕಳ್ಕೊಳ್ತೀರಿ?” ಎಂದೆ.

“ನೀನೂ ಬಾ ಹಂಗಾರ. ಒಬ್ಬನ ಹೋಗಿ ಬೈಸ್ಕೊಳ್ಳಾಕ ನಾ ಒಲ್ಲೆ.”

ಹಾಗೆ ಇಬ್ಬರೂ ಹೋದೆವು. ಮೊದಲ ದಿನವೇ ಬೈಸಿಕೊಂಡೆವು. ಸಂಗೀತ ಕೇಳುತ್ತಾ ಬೆಳೆದ ನಮ್ಮಂಥವರ ಕೈ ಸುಮ್ಮನಿರುವುದಿಲ್ಲ. ಹಾಡು ಶುರುವಾದ ಕೂಡಲೇ ನಮ್ಮಿಬ್ಬರ ಬಲಗೈಗಳೂ ತೊಡೆಯ ಮೇಲೆ ತಾಳ ಹಾಕತೊಡಗಿದವು: ಒಂದು ತಟ್ಟು, ಬೆರಳೆಣಿಕೆ, ಮತ್ತೆ ತಟ್ಟು, ಅಂಗೈ ಮಗುಚು. ಮೇಷ್ಟ್ರು ಹಾಡು ನಿಲ್ಲಿಸಿದರು.

“ಅದೇನು ಶಬ್ದ?”

“ತಾಳ,” ಎಂದೆ.

“ಇಲ್ಲಿ ಲಯ ಇಡುವವನು ನಾನೊಬ್ಬನೇ. ಮೂವರು ಬಡಿದರೆ ಅದು ಸಂಗೀತವಲ್ಲ, ಬಡಗಿಯ ಅಂಗಡಿ. ತೊಡೆಯ ಮೇಲೆ ತಾಳ ಹಾಕುವಂತಿಲ್ಲ. ಇನ್ನು ಮೇಲೂ ಇಲ್ಲ.”

“ತಾಳಾ ಇಲ್ಲದ ಹಾಡೂದಂದ್ರ ಉಪ್ಪಿಲ್ಲದ ಸಾರು ಉಂಡಂಗ,” ಎಂದು ಯಜಮಾನರು ನನ್ನ ಕಿವಿಯಲ್ಲಿ ಗೊಣಗಿದರು. ಆಮೇಲೆ ವರ್ಷಗಟ್ಟಲೆ ಅವರು ಬೂಟಿನೊಳಗೆ ಹೆಬ್ಬೆಟ್ಟು ಆಡಿಸಿ ತಾಳ ಹಾಕಿದರು. ಮೇಷ್ಟ್ರಿಗೆ ಅದೂ ಗೊತ್ತಾಗುತ್ತಿತ್ತು.

ಇನ್ನೊಂದು ನಿಯಮ ಬಾಗಿಲಿನದು. ಮೂರು ಗಂಟೆಗೆ ಒಳಗಿನಿಂದ ಬೀಗ. ಕೊಲಿಂಡೇಲಿನ ಹೊಸ ಫ್ಲ್ಯಾಟುಗಳಲ್ಲಿ ಗಂಡನೊಂದಿಗೆ ಬಾಡಿಗೆಗಿರುವ ಬೆಂಗಳೂರಿನ ಹುಡುಗಿಯೊಬ್ಬಳು ಒಂದು ಭಾನುವಾರ ತಡವಾಗಿ ಬಂದು ಕಿಟಕಿಯ ಗಾಜು ಬಡಿದಳು. “ಆಂಟಿ, ಬಸ್ ಬರ್ಲೇ ಇಲ್ಲ! ಪ್ಲೀಸ್ ಹೇಳಿ ಅವ್ರಿಗೆ!” ಮೇಷ್ಟ್ರು ಗೋಡೆಯ ಗಡಿಯಾರ ತೋರಿಸಿದರು. “ಹೌದಾ? ಇಲ್ಲಿಂದ್ಲೇ ಹಾಡ್ತೀನಿ ಬಿಡಿ!” ಎಂದು ಅವಳು ಹೊರಗಿನ ತುಂತುರಿನಲ್ಲೇ ನಿಂತು ತನ್ನ ಭಾಗ ಹಾಡಲು ಶುರು ಮಾಡಿದಳು. ಮೇಷ್ಟ್ರು ಒಂದು ಗಳಿಗೆ ನೋಡಿದರು. ಬಾಗಿಲು ತೆರೆಯಲಿಲ್ಲ, ಕಿಟಕಿ ತೆರೆದರು. ಅವಳು ಕೊನೆಯವರೆಗೂ ಅಲ್ಲಿಂದಲೇ ಹಾಡಿದಳು. ಆ ದಿನ ಅವರು ಹೊಗಳಿದ್ದು ಅವಳೊಬ್ಬಳನ್ನೇ.

ತಪ್ಪಾದಾಗ ನಾವಿಬ್ಬರೂ ‘ಇನ್ನೊಂದ್ ಸಲ’ ಎಂದುಕೊಳ್ಳುತ್ತಿದ್ದುದನ್ನು ಅವರು ಹಿಡಿದುಕೊಂಡರು. ‘ಇನ್ನೊಂದ್’ ಎತ್ತರದ ಸ್ವರ, ‘ಸಲ’ ತಗ್ಗಿನದು. ಎರಡೇ ಸ್ವರಗಳಲ್ಲಿ ‘ಇನ್ನೊಂದ್ ಸಲ’ ಎಂದು ಹಾಡಿಯೇ ಹೇಳುತ್ತಿದ್ದರು. ಗುಜರಾತಿಗಳು, ಐರಿಶ್ ಮುದುಕರು, ಪೋಲೆಂಡಿನ ಹೆಂಗಸರು, ಎಲ್ಲರಿಗೂ ಆ ಕನ್ನಡ ಬಂದುಬಿಟ್ಟಿತ್ತು.

ತಮ್ಮ ಕತೆಯನ್ನು ಅವರು ನಮ್ಮ ಅಡುಗೆಮನೆಯಲ್ಲಿ, ಫಿಲ್ಟರ್ ಕಾಫಿಯ ಲೋಟ ಎರಡೂ ಕೈಯಲ್ಲಿ ಹಿಡಿದು, ತುಂಡುತುಂಡಾಗಿ ಹೇಳಿದರು. ಹಂಗೆರಿಯ ಬಯಲುನಾಡಿನ ಸಣ್ಣ ಊರು. ಅಪ್ಪ ಬ್ರೆಡ್ ಸುಡುವವರು. ಹೆಬ್ಬೆರಳಿನ ಕಲೆ ಆ ಒಲೆಯದು. ರಾಜಧಾನಿಯ ಸಂಗೀತ ಶಾಲೆ, ಆಮೇಲೆ ದೊಡ್ಡ ಗಾಯನವೃಂದಗಳು, ರೇಡಿಯೋದಲ್ಲಿ ಅವರ ರಚನೆಗಳು. ಹೆಸರು ಬಂತು. ಆಗ ಒಂದು ಸರ್ಕಾರಿ ಸಮಾರಂಭಕ್ಕೆ ದೊಡ್ಡ ಕೃತಿಯೊಂದನ್ನು ರಚಿಸಲು ಕೇಳಿದರು. ಅವರು ರಚಿಸಿದರು. ಅದರ ಕೊನೆಯಲ್ಲಿ ಮಾತೇ ಇಲ್ಲ. ಎಲ್ಲರೂ ಬಾಯಿ ಮುಚ್ಚಿಕೊಂಡು ತಗ್ಗಿನ ಷಡ್ಜವನ್ನು ಗುಂಯ್‌ಗುಡುತ್ತಾ, ಉಸಿರು ಮುಗಿದವರು ಮುಗಿದಲ್ಲೇ ನಿಲ್ಲಿಸಬೇಕು. ಅಧಿಕಾರಿಯೊಬ್ಬರು ಬಂದು, ಕೊನೆಗೆ ತುತ್ತೂರಿ ಇರಲಿ, ಜೋರಾಗಿ ಮುಗಿಯಲಿ, ಹೀಗಾದರೆ ಜನಕ್ಕೆ ಯಾವಾಗ ಚಪ್ಪಾಳೆ ತಟ್ಟಬೇಕೆಂದು ತಿಳಿಯುವುದಿಲ್ಲ ಎಂದರಂತೆ.

“ನೀವೇನಂದಿರಿ?”

“ಅದನ್ನು ಜನರೇ ನಿರ್ಧರಿಸಲಿ ಎಂದೆ. ಅಧಿಕಾರಿಗೆ ಭಯವಾಗಿದ್ದೇ ಆ ಮಾತಿಗೆ.”

ಸಮಾರಂಭದಿಂದ ಆ ಕೃತಿಯನ್ನು ಕೈಬಿಟ್ಟರು. “ನನ್ನನ್ನು ಯಾರೂ ಹೊರಗೆ ಹಾಕಲಿಲ್ಲ ಡಾಕ್ಟರ್. ಫೋನ್ ಮಾಡುವುದನ್ನು ನಿಲ್ಲಿಸಿದರು, ಅಷ್ಟೇ.” ಲಂಡನ್ನಿಗೆ ಬಂದು ಮೊದಮೊದಲು ಪಾರ್ಕ್ ರಾಯಲ್‌ನಲ್ಲಿ ಬ್ರೆಡ್ ಕಾರ್ಖಾನೆ ಸೇರಿದರು. ಅಪ್ಪನ ಕಸುಬು ಕೈಯಲ್ಲಿತ್ತು. ಯಂತ್ರಗಳ ಗುಂಯ್‌ಗುಡುವಿಕೆಯ ಮೇಲೆ ಹಾಡುತ್ತಾ ಕೆಲಸ ಮಾಡುವ ಹೆಂಗಸರನ್ನು ಅಲ್ಲಿ ಕಂಡರು. ನಮ್ಮ ವೃಂದ ಹುಟ್ಟಿದ್ದು ಅವರಿಂದ. ಆ ಕೃತಿ ಮಾತ್ರ ಯಾರ ಬಾಯಿಂದಲೂ ಹೊರಡದೆ ಉಳಿದಿತ್ತು. ಕಳೆದ ವರ್ಷ ನಮ್ಮನ್ನು ದಿಟ್ಟಿಸಿ, “ಈಗ ನಿಮಗೆ ಬಾಯಿ ಮುಚ್ಚಿ ಹಾಡಲು ಬರುತ್ತದೆ,” ಎಂದು ಅದನ್ನು ಕೈಗೆತ್ತಿಕೊಂಡರು. ಡಿಸೆಂಬರಿನಲ್ಲಿ ಕಛೇರಿ ಎಂದು ನಿಶ್ಚಯವಾಯಿತು.

ಅಕ್ಟೋಬರಿನಲ್ಲಿ ಅವರಿಗೆ ಸ್ಟ್ರೋಕ್ ಆಯಿತು. ಬಲಗೈ, ಬಲಗಾಲು ಹೋದವು. ಮಾತೂ ಹೋಯಿತು.

ಭವನದ ಸಮಿತಿಯ ಅಧ್ಯಕ್ಷೆ ಒಳ್ಳೆಯ ಹೆಂಗಸು. ಕಛೇರಿ ನಿಲ್ಲಿಸುವುದು ಬೇಡ, ಬೇರೊಬ್ಬ ನಿರ್ದೇಶಕರನ್ನು ಕರೆಸೋಣ, ಎಲ್ಲರಿಗೂ ಗೊತ್ತಿರುವ ಹಾಡುಗಳನ್ನು ಹಾಡೋಣ, ಮೇಷ್ಟ್ರಿಗೆ ಶಾಲು ಹೊದಿಸಿ ಮುಂದಿನ ಸಾಲಿನಲ್ಲಿ ಕೂರಿಸೋಣ ಎಂದರು. ಮೇಷ್ಟ್ರ ಮಗಳು ವಿಯೆನ್ನಾದಿಂದ ಫೋನ್ ಮಾಡಿ, “ಅಪ್ಪ ಕೇಳುವುದಾದರೆ ನಿಮ್ಮ ಮಾತೊಂದನ್ನೇ. ಬೇಡ ಎಂದು ನೀವೇ ಹೇಳಿ,” ಎಂದಳು. ವೈದ್ಯೆಯಾಗಿ ನನ್ನ ಅಭಿಪ್ರಾಯವೂ ಅದೇ ಆಗಿತ್ತು. ರಕ್ತದೊತ್ತಡ ಹತೋಟಿಗೆ ಬಂದಿರಲಿಲ್ಲ. ಆಡಬೇಕಾದ ಮಾತನ್ನು ಮನಸ್ಸಿನಲ್ಲೇ ಜೋಡಿಸಿಕೊಂಡು ಪಕ್ಕದ ಮನೆಗೆ ಹೋದೆ.

ಗಾಲಿಕುರ್ಚಿಯಲ್ಲಿ ಪಿಯಾನೋ ಮುಂದೆ ಕುಳಿತಿದ್ದರು. “ಈ ವರ್ಷ ಬೇಡ ಮೇಷ್ಟ್ರೇ. ಮುಂದಿನ ವರ್ಷ ನೋಡೋಣ,” ಎಂದೆ.

ಅವರ ತುಟಿ ಆಡಿತು. ಏನೂ ಬರಲಿಲ್ಲ. ಮುಖ ಕೆಂಪಗಾಯಿತು. ಕುರ್ಚಿಯ ಕೈಯನ್ನು ಎಡಗೈಯಿಂದ ಗುದ್ದಿದರು. ಆಮೇಲೆ ಕಣ್ಣು ಮುಚ್ಚಿ, ಎತ್ತರದ್ದೊಂದು, ತಗ್ಗಿನದ್ದೊಂದು, ಆ ಎರಡು ಸ್ವರಗಳಲ್ಲಿ ಹಾಡಿದರು: “ಇನ್ನೊಂದ್ ಸಲ.”

ಮಾತು ಹೋದವರಲ್ಲಿ ಕೆಲವರಿಗೆ ಹಾಡು ಉಳಿಯುತ್ತದೆ ಎಂದು ನಾನು ಓದಿದ್ದೆ. ವಾರ್ಡಿನಲ್ಲಿ ಕಂಡೂ ಇದ್ದೆ. ಆದರೆ ಆ ಹೊತ್ತು ನನ್ನ ಓದು ಉಪಯೋಗಕ್ಕೆ ಬರಲಿಲ್ಲ. ಮನೆಗೆ ಬಂದು ಮಗಳಿಗೆ ಫೋನ್ ಮಾಡಿದೆ. “ಅಪಾಯ ಇದೆ, ಇಲ್ಲ ಅನ್ನೋದಿಲ್ಲ. ಬೇಡ ಅನ್ನೋ ಅಧಿಕಾರ ಮಾತ್ರ ನನಗಿಲ್ಲ. ಅವರ ಪಕ್ಕದಲ್ಲಿ ನಾನು ಇರುತ್ತೇನೆ.” ಅವಳು, “ಹಂಗೆರಿಯಲ್ಲೂ ಅವರು ಯಾರ ಮಾತೂ ಕೇಳಿದವರಲ್ಲ,” ಎಂದು ನಕ್ಕಳು. ಅಳುತ್ತಿದ್ದಳು ಕೂಡ.

ಮುಂದಿನ ಭಾನುವಾರ ಅಭ್ಯಾಸ. ಮೂರು ಗಂಟೆಗೆ ಬಾಗಿಲಿಗೆ ಬೀಗ ಬಿತ್ತು. ಅಧ್ಯಕ್ಷೆ ಮೊದಲೇ ಬಂದು ಹಿಂದುಗಡೆ ಕೈಕಟ್ಟಿ ನಿಂತಿದ್ದರು. ಮೇಷ್ಟ್ರು ಎಡಗೈ ಎತ್ತಿದರು. ಅದು ಲಯ ಇಟ್ಟರೆ ಸ್ವರ ತೋರಿಸುವವರಿಲ್ಲ, ಸ್ವರ ತೋರಿಸಿದರೆ ಲಯ ಇಡುವವರಿಲ್ಲ. ನಾವು ಒಬ್ಬರ ಹಿಂದೊಬ್ಬರು ಎಡವಿ ಬಿದ್ದೆವು. ಮತ್ತೆ ಶುರು ಮಾಡಿದರು, ಮತ್ತೆ ಬಿದ್ದೆವು. ಅಧ್ಯಕ್ಷೆ ಕಾಗದದ ಕರವಸ್ತ್ರ ತೆಗೆದು ಕಣ್ಣೊರೆಸಿಕೊಂಡರು. ಮೇಷ್ಟ್ರು ಅದನ್ನು ನೋಡಿದರು. ನನಗನ್ನಿಸುತ್ತದೆ, ಅವರು ಕೆರಳಿದ್ದು ಆ ಕರವಸ್ತ್ರ ಕಂಡೇ. ಗಾಲಿಕುರ್ಚಿಯನ್ನು ಒಂದೇ ಕೈಯಿಂದ ಓರೆಓರೆಯಾಗಿ ನೂಕಿಕೊಂಡು ಸೀದಾ ನನ್ನ ಮುಂದೆ ಬಂದರು. ನನ್ನ ಬಲಗೈಯನ್ನು ಹಿಡಿದೆತ್ತಿ ನನ್ನ ತೊಡೆಯ ಮೇಲೆ ಪಟ್ ಎಂದು ಬಡಿದರು.



“ಅಬ್ಬಾ!” ಎಂದರು ನಮ್ಮ ಯಜಮಾನರು. “ಇಷ್ಟು ವರ್ಷಕ್ಕ ಲೈಸೆನ್ಸ್ ಕೊಟ್ಟಾನ ನೋಡು!”

ಆ ಮಧ್ಯಾಹ್ನ ಇಡೀ ವೃಂದಕ್ಕೆ ತಾಳ ಕಲಿಸಿದೆ. ಒಂದು ತಟ್ಟು, ಬೆರಳೆಣಿಕೆ, ತಟ್ಟು, ಮಗುಚು. ಕಾರ್ಖಾನೆಯ ಹೆಂಗಸರು ನನಗಿಂತ ಚೆನ್ನಾಗಿ ಹಾಕಿದರು. ಸ್ವರ ಮೇಷ್ಟ್ರ ಎಡಗೈಯದು, ಲಯ ನಮ್ಮೆಲ್ಲರ ತೊಡೆಗಳದು. ಹಾಡು ಎದ್ದು ನಡೆಯಿತು.

ಕಛೇರಿಯ ದಿನ ಶಾಲು ತಂದಿದ್ದರು. ಮೇಷ್ಟ್ರು ಅದನ್ನು ತೆಗೆದು ಪಿಯಾನೋ ಮೇಲೆ ಹಾಕಿದರು. ಕುರ್ಚಿಯಲ್ಲಿ ಕುಳಿತು ಹಾಡುವವರೆಲ್ಲ ತೊಡೆ ತಟ್ಟುವುದನ್ನು ಕಂಡು ಮೊದಲು ಹಿಂದಿನ ಸಾಲುಗಳಲ್ಲಿ ನಗು ಕೇಳಿಸಿತು. ಕೃತಿಯ ನಡುವಿಗೆ ಬರುವಷ್ಟರಲ್ಲಿ ಆ ನಗು ಇರಲಿಲ್ಲ. ಕೊನೆಯ ಭಾಗದಲ್ಲಿ ತಾಳವೂ ನಿಲ್ಲುತ್ತದೆ. ಅವರು ಎಡಗೈಯ ಮುಷ್ಟಿ ಕಟ್ಟಿ ತಲೆಯ ಮೇಲೆತ್ತಿದರು. ನಮಗೆ ಅದು ಷಡ್ಜ. ಕೇಳುತ್ತಿದ್ದವರಿಗೆ ಏನಾಗಿ ಕಂಡಿತೋ ನಾನು ಹೇಳಲಾರೆ. ಬಾಯಿ ಮುಚ್ಚಿ ಗುಂಯ್‌ಗುಟ್ಟಿದೆವು. ಒಬ್ಬೊಬ್ಬರಾಗಿ ಉಸಿರು ಮುಗಿದಲ್ಲಿ ನಿಲ್ಲಿಸಿದೆವು. ಎಲ್ಲರಿಗಿಂತ ಕೊನೆಗೆ ಉಳಿದದ್ದು ಅವರದೇ ದನಿ, ಒರಟಾಗಿ, ಶ್ರುತಿ ತಪ್ಪದೆ. ಅದೂ ನಿಂತಿತು. ಯಾರೂ ಚಪ್ಪಾಳೆ ತಟ್ಟಲಿಲ್ಲ. ಅವರು ಮುಷ್ಟಿ ಇಳಿಸಲಿಲ್ಲ. ಆಮೇಲೆ ಎಲ್ಲೋ ಒಬ್ಬರು ತಟ್ಟಿದರು, ತಾವಾಗಿ ನಿರ್ಧರಿಸಿ.

ಜನವರಿಯಲ್ಲಿ ನಿದ್ದೆಯಲ್ಲೇ ಹೋದರು. ಎಡಗೈಯೊಂದರಲ್ಲೇ ನುಡಿಸುತ್ತಿದ್ದ ಪಿಯಾನೋ ಆ ಬೆಳಗ್ಗೆ ಎಂದಿನ ಹೊತ್ತಿಗೆ ಶುರುವಾಗಲಿಲ್ಲ. ನಮ್ಮ ಯಜಮಾನರು ಬಚ್ಚಲಿನಲ್ಲಿ ಹಾಡುವುದನ್ನು ನಿಲ್ಲಿಸಿ, “ಯಾಕ ಕೇಳಿಸವಲ್ದು?” ಎಂದರು. ನಾನು ಆಗಲೇ ಅವರ ಮನೆಯ ಕೀಲಿ ಹುಡುಕುತ್ತಿದ್ದೆ.

ಈಗ ಮತ್ತೆ ಫೆಬ್ರವರಿಯ ಆ ಭಾನುವಾರಕ್ಕೆ ಬರುತ್ತೇನೆ. ಮೇಷ್ಟ್ರೇ ಇಲ್ಲವಾದ್ದರಿಂದ ಭಾನುವಾರದ ಹೊತ್ತನ್ನು ವ್ಯಾಯಾಮದ ತರಗತಿಗೆ ಕೊಡುತ್ತೇವೆ, ಒಂದು ಬೀಳ್ಕೊಡುಗೆ ಮಾಡಿಕೊಂಡು ಭವನದ ಕೀಲಿ ಹಿಂತಿರುಗಿಸಿ ಎಂದು ಅಧ್ಯಕ್ಷೆ ಹೇಳಿದ್ದರು. ಮೂರು ಗಂಟೆಗೆ ನಾನು ಬಾಗಿಲು ಹಾಕಿದೆ. ಕೊಲಿಂಡೇಲಿನ ಹುಡುಗಿ ಎಲ್ಲರಿಗಿಂತ ಮೊದಲು ಬಂದಿದ್ದಳು. “ಆಂಟಿ, ಮೇಷ್ಟ್ರ ಜಾಗದಲ್ಲಿ ಯಾರ್ ನಿಲ್ತಾರೆ?” ಎಂದಳು.

“ನೀನು ಎಡಗೈ ಎತ್ತು, ಸ್ವರ ತೋರಿಸು. ಲಯಕ್ಕೆ ನಾವಿದ್ದೀವಿ.”

“ನಾನಾ? ನಂಗ್ ತಪ್ಪಾಗತ್ತೆ.”

“ತಪ್ಪಲಿ. ಇನ್ನೊಂದ್ ಸಲ ಮಾಡೋಣ.”

ತಪ್ಪಿತು. ಮತ್ತೆ ಮಾಡಿದೆವು. ಕೊನೆಯವರೆಗೂ ಹಾಡಿದೆವು. ಬಾಗಿಲು ತೆರೆದಾಗ ಅಧ್ಯಕ್ಷೆ ಹೊರಗೆ ಹೂಗುಚ್ಛ ಹಿಡಿದು ನಿಂತಿದ್ದರು.

“ಬೀಳ್ಕೊಡುಗೆ ಚೆನ್ನಾಗಿ ಆಯಿತೇ?” ಎಂದು ಕೇಳಿದರು.

“ಇದು ಬೀಳ್ಕೊಡುಗೆ ಅಲ್ಲ. ಅಭ್ಯಾಸ.”

“ಮುಂದಿನ ಭಾನುವಾರ ಬೇರೆ ತರಗತಿ ಇದೆಯಲ್ಲ?”

“ಮೂರು ಗಂಟೆಗೆ ಬಾಗಿಲು ಹಾಕಿರುತ್ತದೆ,” ಎಂದೆ. “ಹಾಡುವುದಿದ್ದರೆ ವ್ಯಾಯಾಮದವರೂ ಅದಕ್ಕಿಂತ ಮೊದಲೇ ಬರಲಿ.”

ಕುರ್ಚಿಗಳನ್ನು ಮೇಷ್ಟ್ರು ಹೇಳಿಕೊಟ್ಟಂತೆ ನಾವೇ ಒಂದರ ಮೇಲೊಂದು ಪೇರಿಸಿದೆವು. ಕಿಟಕಿ ಮುಚ್ಚಿದೆ, ದೀಪ ಆರಿಸಿದೆ, ಬೀಗ ಹಾಕಿದೆ. ಭವನದ ಕೀಲಿಯನ್ನು ನನ್ನ ಮನೆಯ ಕೀಲಿಗಳ ಗೊಂಚಲಿಗೆ ಸೇರಿಸಿದೆ.