ಹನ್ನೊಂದು ಸಲ ಫೇಲಾದ ಅಪ್ಪ

ಮಸ್ಕಿಗೆ ಬಂದ ಮೂರನೆಯ ದಿನ, ನಾನು ಬಸ್ಸಿನಿಂದ ಇಳಿದ ಸುದ್ದಿ ನನಗಿಂತ ಮೊದಲು ಮನೆ ಮುಟ್ಟಿತ್ತು. ಸಿಂಧನೂರಿನ ಕಚೇರಿ ಮುಗಿಸಿ, ದಾರಿಯಲ್ಲಿ ಬಾಳೆಹಣ್ಣು ಕೊಂಡು ಗೇಟು ತೆಗೆಯುವಷ್ಟರಲ್ಲಿ, ಕಟ್ಟೆಯ ಮೇಲೆ ಫೋನು ಹಿಡಿದು ಕುಳಿತಿದ್ದ ಮನೆಯ ಮಾಲೀಕರು ಹೇಳಿದರು: "ಬರ್ರಿ ಮೇಡಂ. ಐದೂವರಿ ಗಾಡಿಗೆ ಹತ್ತಿದ್ರಿ, ಜಾಗ ಸಿಗಲಿಲ್ಲಂತ, ಅರ್ಧ ದಾರಿ ನಿಂತ ಬಂದ್ರಂತ. ತ್ರಾಸ ಆತೇನು?"

ಹಣ್ಣಿನ ಚೀಲ ಹಿಡಿದುಕೊಂಡು ಅಲ್ಲೇ ನಿಂತುಬಿಟ್ಟೆ. ಮೈಸೂರಿನಲ್ಲಿ ನಾವು ಹದಿನೆಂಟು ವರ್ಷ ಒಂದೇ ಬಾಡಿಗೆ ಮನೆಯಲ್ಲಿದ್ದೆವು. ಪಕ್ಕದ ಮನೆಯವರಿಗೆ ನಾನು ಓದಿದ್ದು ಮಣ್ಣು ವಿಜ್ಞಾನ ಎಂದು ಗೊತ್ತಾದದ್ದು ನನಗೆ ಕೆಲಸ ಸಿಕ್ಕ ಮೇಲೆ. ಇಲ್ಲಿ ನಾನು ಯಾವ ಬಸ್ಸಿನಲ್ಲಿ ಎಷ್ಟು ದೂರ ನಿಂತೆ ಎಂಬುದಕ್ಕೂ ಲೆಕ್ಕವಿತ್ತು.

ಮಾಲೀಕರ ಹೆಸರು ಮೆಹಬೂಬಸಾಬ್. ಬಸ್ ಚಾಲಕರಾಗಿ ನಿವೃತ್ತರು. ಸಿಂಧನೂರು, ಮಸ್ಕಿ, ಲಿಂಗಸುಗೂರು, ಮುದಗಲ್ ದಾರಿಯಲ್ಲಿ ಅವರು ಓಡಿಸಿದ ಬಸ್ಸುಗಳು ಗುಜರಿಗೆ ಹೋದರೂ ಅವರ ಕೈಕೆಳಗೆ ಪಳಗಿದ ಚಾಲಕರು ಇನ್ನೂ ಅದೇ ದಾರಿಯಲ್ಲಿದ್ದಾರೆ. ಹೊಸಬರನ್ನು ಬಸ್ಸಿಗೆ ಹತ್ತಿಸುವಾಗ ಇಲ್ಲಿ ಟಿಕೆಟ್ಟಿಗಿಂತ ಮೊದಲು ಚಾಲಕರಿಗೆ ಒಂದು ಮಾತು ಹೇಳುತ್ತಾರೆ: "ನಮ್ ಹುಡುಗಿ ಅದಾಳ, ಜರಾ ನೋಡ್ಕೊಂಡ ಒಯ್ಯಿ." ಮೊದಲ ದಿನ ಮೆಹಬೂಬಸಾಬರು ನನ್ನ ಬಗ್ಗೆ ಆ ಮಾತು ಹೇಳಿದ್ದರು. ಅಂದಿನಿಂದ ನಾನು ಆ ರಸ್ತೆಯ ಜವಾಬ್ದಾರಿಯಾದೆ.

ನನಗೆ ಅದು ಹಿಡಿಸಲಿಲ್ಲ. ಒಂದು ವಾರ ಬೇಕೆಂದೇ ಬೇರೆ ಬೇರೆ ಹೊತ್ತಿನ ಬಸ್ಸು ಹತ್ತಿದೆ. ಎಲ್ಲ ಚಾಲಕರೂ ಅವರ ಶಿಷ್ಯರೇ.

ಮಿಕ್ಕದ್ದನ್ನು ಕಲಿಯುವುದು ಅಷ್ಟು ಕಷ್ಟವಾಗಲಿಲ್ಲ. ನೀರು ಬರುವ ದಿನ ಎಲ್ಲ ಕೆಲಸ ಬಿಟ್ಟು ಕೊಡ ತುಂಬಿಸುವುದು, ಬೇಸಿಗೆಯಲ್ಲಿ ಕಿಟಕಿ ಮುಚ್ಚಿದರೇ ಮನೆ ತಂಪು ಎಂಬ ಉಲ್ಟಾ ನ್ಯಾಯ, ಅನ್ನಕ್ಕಿಂತ ಮೊದಲು ರೊಟ್ಟಿ. ಮೆಹಬೂಬಸಾಬರ ಹೆಂಡತಿ ಹಸೀನಮ್ಮ ಒಂದು ದಿನ ತಟ್ಟೆಯಲ್ಲಿ ಕಡು ಹಸಿರಿನ ಪಲ್ಯ ಬಡಿಸಿದರು. ಅದು ಪುಂಡಿ ಪಲ್ಯ, ಹುಣಸೆ ಹಾಕದೆಯೇ ಹುಳಿಯಾಗಿರುವ ಸೊಪ್ಪಿನದು. ಮೊದಲ ತುತ್ತಿಗೆ ಕಣ್ಣು ಮುಚ್ಚಿದೆ. "ಹೊಸಬರು ಎಲ್ಲಾರೂ ಹಿಂಗ ಮಾರಿ ಮಾಡ್ತಾರ. ಎರಡನೇ ಸಲಕ್ಕ ಕೇಳಿ ಹಾಕಿಸ್ಕೋತಾರ" ಎಂದು ಅವರು ನಕ್ಕರು. ಹಾಗೇ ಆಯಿತು.

ಕೆಲಸ ನನಗೆ ಇಷ್ಟ. ರೈತರು ಬಟ್ಟೆಯಲ್ಲಿ ಕಟ್ಟಿ ತರುವ ಮಣ್ಣನ್ನು ಪರೀಕ್ಷಿಸಿ, ಅದರಲ್ಲಿ ಏನಿದೆ, ಏನಿಲ್ಲ ಎಂದು ಬರೆದು ಕೊಡುವುದು. ಮೈಸೂರಿನ ಸುತ್ತ ಕೆಂಪು ಮಣ್ಣು ನೋಡಿ ಬೆಳೆದ ನನಗೆ ಇಲ್ಲಿನ ಕಪ್ಪು ಎರೆ ಭೂಮಿ ಮೊದಲು ಸುಟ್ಟ ನೆಲದಂತೆ ಕಂಡಿತ್ತು. ಈಗ ಬೆರಳಲ್ಲಿ ಉಜ್ಜಿದರೆ, ಅದು ಕಾಲುವೆಯ ಭತ್ತದ ಗದ್ದೆಯದೋ ಮಳೆ ನಂಬಿದ ಜೋಳದ ಹೊಲದ್ದೋ ಹೇಳಬಲ್ಲೆ. ನಾನು ಇಲ್ಲಿ ಗಳಿಸಿದ್ದರಲ್ಲಿ ಇದನ್ನು ಯಾರಿಗೂ ಬಿಟ್ಟುಕೊಡಲಾರೆ.

ಆದರೆ ಬಿಟ್ಟುಕೊಡುವ ಅರ್ಜಿ ನನ್ನ ಬ್ಯಾಗಿನಲ್ಲೇ ಇತ್ತು.

ಅಪ್ಪ ಮೈಸೂರಿನಲ್ಲಿ ಅಳತೆ ಮತ್ತು ತೂಕದ ಇಲಾಖೆಯಲ್ಲಿದ್ದು ನಿವೃತ್ತರಾದವರು. ಅಂಗಡಿಗಳ ತಕ್ಕಡಿ ಪರೀಕ್ಷಿಸುತ್ತಿದ್ದವರು ಮನೆಯಲ್ಲಿ ಮಾತನ್ನೂ ತೂಗಿಯೇ ಆಡುತ್ತಿದ್ದರು. ಈ ಕೆಲಸದ ಆದೇಶ ಬಂದಾಗ "ಅಷ್ಟು ದೂರ ಬೇಡ" ಎಂದರು. ನಾನು "ಹೋಗ್ತೀನಿ" ಎಂದೆ. ಹೊರಟ ದಿನ ಅವರು ಕೋಣೆಯಿಂದ ಹೊರಗೆ ಬರಲಿಲ್ಲ. ಅಲ್ಲಿಂದ ಎರಡು ವರ್ಷ, ಹಬ್ಬಕ್ಕೆ ಮನೆಗೆ ಹೋದಾಗಲೂ, ನಾವಿಬ್ಬರೂ ನೇರವಾಗಿ ಮಾತಾಡಲಿಲ್ಲ. ಅಮ್ಮ ಫೋನು ಮಾಡಿ "ಅಪ್ಪ ಕೇಳ್ತಿದ್ದಾರೆ, ಆರೋಗ್ಯನಾ?" ಎನ್ನುತ್ತಿದ್ದಳು. ನಾನು "ಆರೋಗ್ಯ ಅಂತ ಹೇಳು" ಎನ್ನುತ್ತಿದ್ದೆ. ಒಮ್ಮೆ ಅಮ್ಮ "ಪುಂಡಿ ಪಲ್ಯ ಈಗ ಸೇರುತ್ತಂತೆ ನಿಂಗೆ?" ಎಂದಳು. ಆ ಹೆಸರನ್ನು ನಾನು ಯಾವಾಗ ಹೇಳಿದ್ದೆನೋ ನೆನಪಾಗಲಿಲ್ಲ. ಹೇಳಿರಬೇಕು ಅಂದುಕೊಂಡೆ.

ಈ ಸಲ ಅಮ್ಮ ಹೇಳಿದ ಸುದ್ದಿ ದೊಡ್ಡದಿತ್ತು. ಮೈಸೂರಿನ ಕಚೇರಿಯಲ್ಲಿ ನನ್ನದೇ ಹುದ್ದೆಯಲ್ಲಿರುವ ಒಬ್ಬರ ಊರು ಈ ಕಡೆಯದು. ಪರಸ್ಪರ ವರ್ಗಾವಣೆಗೆ ಅವರು ತಯಾರಿದ್ದಾರೆ. ಅಪ್ಪನೇ ಓಡಾಡಿ ಹುಡುಕಿದ್ದರು. ಶುಕ್ರವಾರದೊಳಗೆ ನಾನು ಸಹಿ ಹಾಕಿ ಕಳಿಸಬೇಕು. "ನೋಡೋಣ" ಎಂದೆ. ಬೇಡ ಎಂದರೆ ಅಪ್ಪನನ್ನು ಎರಡನೆಯ ಸಲ ಬಿಟ್ಟು ಹೊರಟಂತೆ. ಹೂಂ ಎಂದರೆ ನಾನು ಬಂದದ್ದೇ ತಪ್ಪು ಎಂದು ಬರೆದುಕೊಟ್ಟಂತೆ. ಅರ್ಜಿ ತುಂಬಿದೆ, ಸಹಿ ಮಾತ್ರ ಹಾಕಲಿಲ್ಲ.

ಅದರ ನಡುವೆ ಭಾನುವಾರ ಬಂತು. ಲಿಂಗಸುಗೂರಿನಲ್ಲಿ ಅಮರೇಶ ಮಾಸ್ತರರು ಎಂಬ ಹೈಸ್ಕೂಲು ಶಿಕ್ಷಕರು ತಿಂಗಳಿಗೊಮ್ಮೆ ಒಂದು ಸಭಾಭವನದಲ್ಲಿ ಪರದೆ ಕಟ್ಟಿ ಬೇರೆ ದೇಶದ ಚಿತ್ರ ತೋರಿಸುತ್ತಾರೆ. ಪರದೆಯ ಕೆಳಗೆ ಇಂಗ್ಲಿಷಿನಲ್ಲಿ ಮಾತು ಮೂಡುತ್ತದೆ. ಎಲ್ಲರಿಗೂ ಅದು ಓದಲು ಬರುವುದಿಲ್ಲ. ಯಾರಾದರೂ ಮೈಕು ಹಿಡಿದು ಆಗಿಂದಾಗ ಕನ್ನಡದಲ್ಲಿ ಹೇಳಬೇಕು. ಹೇಳುವವರಿಗೆ ಜ್ವರ ಬಂದಿತ್ತು. "ನಮ್ಮ ಮೇಡಂ ಹೇಳ್ತಾರ ತಗೋರಿ" ಎಂದು ಮೆಹಬೂಬಸಾಬರು ನನ್ನನ್ನು ಕೇಳದೆ ಒಪ್ಪಿಕೊಂಡುಬಿಟ್ಟಿದ್ದರು.

ಹತ್ತು ಜನರೆದುರು ಮಾತಾಡಲು ಅಳುಕುವ ನಾನು ಎಂಬತ್ತು ಜನರ ಪಕ್ಕ ಸ್ಟೂಲಿನ ಮೇಲೆ ಕುಳಿತೆ. ಬಲಗಡೆ ಹೆಂಗಸರು, ಎಡಗಡೆ ಗಂಡಸರು. ಮುಂದೆ ಹಸೀನಮ್ಮ ಡಬ್ಬಿಯಲ್ಲಿ ಮಂಡಕ್ಕಿ ಒಗ್ಗರಣೆ ತಂದು ಸಾಲಿಗೆಲ್ಲ ಹಂಚುತ್ತಿದ್ದರು.

ಚಿತ್ರ ಯಾವುದೋ ಚಳಿದೇಶದ್ದು. ಮೂವತ್ತು ವರ್ಷ ಲಾರಿ ಓಡಿಸಿದ ಮುದುಕನೊಬ್ಬನ ಲೈಸೆನ್ಸಿನ ಅವಧಿ ಮುಗಿದಿದೆ. ಮತ್ತೆ ಪರೀಕ್ಷೆ ಕೊಡಬೇಕು. ಆ ಸಣ್ಣ ಊರಿನಲ್ಲಿ ಪರೀಕ್ಷೆ ತೆಗೆದುಕೊಳ್ಳುವ ಅಧಿಕಾರಿ ಒಬ್ಬಳೇ, ಅವಳು ಅವನ ಮಗಳು. ಇಬ್ಬರಿಗೂ ಮಾತಿಲ್ಲ. ತಿಂಗಳಿಗೊಮ್ಮೆ ಅವನು ಬರುತ್ತಾನೆ, ಅಪರಿಚಿತರಂತೆ ಇಬ್ಬರೂ ಕಾರಿನಲ್ಲಿ ಕೂರುತ್ತಾರೆ, ಅವನು ಫೇಲಾಗುತ್ತಾನೆ. ಹೆಚ್ಚಿನ ಸಲ ಗಾಡಿ ನಡುದಾರಿಯಲ್ಲೇ ಬಂದ್ ಬೀಳುತ್ತದೆ. ಒಮ್ಮೆ ವೃತ್ತದ ಸುತ್ತ ಏಳು ಸುತ್ತು ಹಾಕುತ್ತಾನೆ. ಒಮ್ಮೆ ಅಡ್ಡ ಬಂದ ಬಾತುಕೋಳಿಯ ಜೊತೆ ಮಾತಾಡಲು ಕಾರಿನಿಂದ ಇಳಿದೇ ಬಿಡುತ್ತಾನೆ. ಅದಕ್ಕೆ ಜನ ಚಪ್ಪಾಳೆ ತಟ್ಟಿ ನಕ್ಕರು. ನಾನು ಅಪ್ಪನ ಮಾತನ್ನೂ ಮಗಳ ಮಾತನ್ನೂ ನನ್ನೊಂದೇ ದನಿಯಲ್ಲಿ ಹೇಳುತ್ತ ಹೋದೆ. ಒಂದು ಕಡೆ ಮಗಳು ಹೇಳುತ್ತಾಳೆ: "ಮನೆಗೆ ಬರಬೇಡಿ. ಪರೀಕ್ಷೆಗೆ ಬೇಕಾದರೆ ಬನ್ನಿ." ಅದನ್ನು ಹೇಳುವ ಮೊದಲು ಮೈಕನ್ನು ಬಾಯಿಂದ ಸ್ವಲ್ಪ ದೂರ ಹಿಡಿದೆ. ಕೆಮ್ಮಿದಂತೆ ಮಾಡಿ ಹೇಳಿ ಮುಗಿಸಿದೆ.

ಹನ್ನೊಂದು ಸಲ ಫೇಲಾದವನು ಹನ್ನೆರಡನೆಯ ಸಲ ಒಂದು ತಪ್ಪೂ ಇಲ್ಲದೆ ಓಡಿಸಿ ಗಾಡಿ ನಿಲ್ಲಿಸುತ್ತಾನೆ. ಮಗಳು ಪೆನ್ನು ತೆಗೆಯುತ್ತಾಳೆ. ಏನು ಬರೆದಳೆಂದು ತೋರಿಸದೆಯೇ ಚಿತ್ರ ಮುಗಿಯುತ್ತದೆ.

"ಕರೆಂಟ್ ಹೋತೇನ್ಲೇ?" ಎಂದು ಹಿಂದಿನಿಂದ ಯಾರೋ ಕೂಗಿದರು.

ದೀಪ ಹಾಕಿದ ಮೇಲೆ ಅಮರೇಶ ಮಾಸ್ತರರು "ಯಾರಿಗೆ ಏನನಿಸ್ತು ಹೇಳ್ರಿ" ಎಂದರು. ಮೈಸೂರಿನಲ್ಲಿ ಇಂಥ ಹೊತ್ತಿನಲ್ಲಿ ಒಂದು ಮೌನವಿರುತ್ತದೆ, ಆಮೇಲೆ ಇಬ್ಬರು ಮೆಲ್ಲಗೆ ಕೈ ಎತ್ತುತ್ತಾರೆ. ಇಲ್ಲಿ ಆರು ಜನ ಒಟ್ಟಿಗೆ ಎದ್ದರು.

"ಎರಡ ತಾಸು ಕುಂತು ನೋಡೀವಿ, ಪಾಸೋ ಫೇಲೋ ಹೇಳಬಾರದೇನ್ರಿ? ಇದೆಂಥಾ ಸಿನಿಮಾ!" ಎಂದರೊಬ್ಬರು.

ಸಂತೆಕಲ್ಲೂರಿನ ಅಂಗನವಾಡಿ ಕಾರ್ಯಕರ್ತೆಯೊಬ್ಬರು ಎದ್ದು ನಿಂತರು. "ಆಕಿ ಎಂಥಾ ಮಗಳ್ರೀ? ಹನ್ನೆರಡ ಸಲ ಅಪ್ಪ ಬಂದಾನ, ಒಂದ್ ಸಲಾನೂ ಚಾ ಕುಡದೀಯೇನು ಅನ್ನಲಿಲ್ಲ."

"ಅಂವೇನ್ ಕಮ್ಮಿ?" ಎಂದು ಪಾಮನಕಲ್ಲೂರಿನ ರೈತರೊಬ್ಬರು ತಿರುಗಿಬಿದ್ದರು. "ದುಡಿಯೋ ಹುಡುಗಿ ಬೆನ್ನ ಹತ್ತೋದು ಪ್ರೀತಿ ಏನು? ನೀರು ಹೆಚ್ಚು ಹಾಯಿಸಿದ್ರ ಹೊಲಾನೂ ಉಪ್ಪೇರಿ ಸವಳಾಗತೈತಿ. ಹೌದಿಲ್ಲೋ ಕೇಳ್ರಿ ಮಣ್ಣಿನ ಮೇಡಂನ."

"ನಿಮ್ಮೂರಿಗೆ ಕಾಲುವೇನೇ ಇಲ್ಲ. ನೀರು ಹೆಚ್ಚಾಗಿದ್ದು ನೀವ್ಯಾವಾಗ ನೋಡಿದ್ರಿ?" ಎಂದು ಅಂಗನವಾಡಿಯವರು ಅಂದದ್ದಕ್ಕೆ ಸಭೆ ಮತ್ತೆ ನಕ್ಕಿತು.

ಹಸೀನಮ್ಮ ಮಗಳ ಪಕ್ಷ. "ಅಪ್ಪಗ ವಯಸ್ಸಾಗೇತಿ, ಕೈ ನಡಗ್ತಾವ, ಫೇಲಾಗ್ಯಾನ. ಆಕಿ ಸುಳ್ಳು ಸುಳ್ಳು ಪಾಸ್ ಮಾಡಿ ಯಾರದರ ಮ್ಯಾಲೆ ಗಾಡಿ ಹಾಯಿಸ್ಬೇಕಿತ್ತೇನು?"

ಅಲ್ಲಿಯತನಕ ಸುಮ್ಮನಿದ್ದ ಮೆಹಬೂಬಸಾಬರು ಎದ್ದರು. "ಏ, ನೀವ್ಯಾರೂ ಅವನ ಕಾಲು ನೋಡಲಿಲ್ಲೇನು? ಎಲ್ಲಾರೂ ಮಾರಿ ನೋಡ್ಕೋತ ಕುಂತೀರಿ. ಗಾಡಿ ಬಂದ್ ಬೀಳೋ ಮುಂದ ಪ್ರತಿ ಸಲ ಕ್ಲಚ್ ಬೇಕಂತ ಬಿಡ್ತಾನ ಅಂವ. ಕೈ ನಡಗೋರ ಕಾಲು ಹಂಗ ಇರಂಗಿಲ್ಲ. ಮೂವತ್ತ ವರ್ಷ ಇದ ಕಾಲಿಲೆ ಗಾಡಿ ತುಳದೀನಿ, ನನಗ ಗೊತ್ತಾಗಂಗಿಲ್ಲ? ಪಾಸಾದ್ರ ಮಗಳ ಬಾಜೂಕ ಕುಂದ್ರೋದು ತಪ್ಪತೈತಿ. ಅದಕ್ಕ ಫೇಲಾಗ್ಯಾನ!"

ನಾನು ಪ್ರತಿ ಮಾತನ್ನೂ ಓದಿ ಹೇಳಿದ್ದೆ. ಕಾಲನ್ನು ನೋಡಿರಲಿಲ್ಲ.

"ಹಂಗ್ಯಾರ ಮಾಡ್ತಾರ್ರೀ?" ಎಂದರು ಪಾಮನಕಲ್ಲೂರಿನವರು. "ನಿಮ್ಮ ಕಲ್ಪನಾ ಅದು."

"ಯಾರ ಮಾಡ್ತಾರ?" ಮೆಹಬೂಬಸಾಬರ ದನಿ ಏರಿತು. "ನಮ್ಮ ಮೇಡಂ ಅವರಪ್ಪ ಮಾಡಾಕತ್ತಿಲ್ಲೇನು? ಎರಡ ವರ್ಷ ಆತು, ದಿನಾ ಸಂಜಿ ನನಗ ಫೋನ್. ಮಗಳು ಬಸ್ ಹತ್ತಿದಳೇನು, ಜಾಗ ಸಿಕ್ತೇನು, ಉಂಡಳೇನು, ನಗ್ತಿದ್ದಳೇನು..."

ಅಲ್ಲಿಗೆ ನಿಲ್ಲಿಸಿದರು. ತಡವಾಗಿತ್ತು.

"ಏನ್ರಿ ನೀವು!" ಹಸೀನಮ್ಮ ಹಣೆ ಚಚ್ಚಿಕೊಂಡರು. "ಗಾಡಿಗೆ ಬ್ರೇಕ್ ಹಾಕಿದ್ರಿ ಜೀವನಪೂರ್ತಿ, ಬಾಯಿಗಿ ಹಾಕೋದು ಕಲೀಲಿಲ್ಲ."

ಎಂಬತ್ತು ಜನ ನನ್ನತ್ತ ತಿರುಗಿದರು. ಮೈಕು ಇನ್ನೂ ನನ್ನ ಕೈಯಲ್ಲೇ ಇತ್ತು. ನಾನು ಅದನ್ನು ಆರಿಸಿ ಸ್ಟೂಲಿನ ಮೇಲಿಟ್ಟೆ.

ಮಸ್ಕಿಗೆ ಹಿಂದಿರುಗುವ ಬಸ್ಸಿನಲ್ಲಿ ನಾನು ಕಿಟಕಿಯ ಬಳಿ, ಪಕ್ಕದಲ್ಲಿ ಹಸೀನಮ್ಮ, ಹಿಂದಿನ ಸೀಟಿನಲ್ಲಿ ಅಪರಾಧಿಯಂತೆ ಮೆಹಬೂಬಸಾಬರು. ಬಹಳ ಹೊತ್ತಿನ ಮೇಲೆ ಅವರೇ ಮುಂದೆ ಬಾಗಿ ಹೇಳಿದರು: "ನೀವು ನಿಮ್ಮವ್ವಗ ಕಳಿಸಿದ ಬಾಡಿಗಿ ಕರಾರುಪತ್ರದಾಗ ನನ್ನ ನಂಬರ್ ಇತ್ತಂತ ಬೇಟಿ. ಮೊದಲನೇ ದಿನಾನ ಫೋನ್ ಮಾಡಿದ್ರು. ಮಗಳಿಗಿ ಹೇಳಬ್ಯಾಡ್ರಿ, ಸಿಟ್ಟಾಗ್ತಾಳ ಅಂದ್ರು. ನಿಮಗ ತಕ್ಲೀಫ್ ಕೊಡೋ ವಿಚಾರ ಇರಲಿಲ್ಲ." ಮೊದಲ ಸಲ ಅವರು ನನ್ನನ್ನು ಮೇಡಂ ಎನ್ನದೆ ಬೇಟಿ, ಅಂದರೆ ಮಗಳೇ, ಎಂದದ್ದು.

ಸಿಟ್ಟು ಬಂದಿತ್ತು, ನಿಜ. ಎರಡು ವರ್ಷ ನನ್ನ ಸಂಜೆಗಳೆಲ್ಲ ನನಗೆ ತಿಳಿಯದೆ ಮೈಸೂರಿಗೆ ಹೋಗಿದ್ದವು. ಬಸ್ಸು ಬದಲಿಸಿದ ಆ ವಾರವೂ, ಪುಂಡಿ ಪಲ್ಯಕ್ಕೆ ಕಣ್ಣು ಮುಚ್ಚಿದ್ದೂ. ಆದರೆ ಅಳತೆ ತಪ್ಪದ ಅಪ್ಪ ದಿನಾ ಸಂಜೆ ಅಪರಿಚಿತರೊಬ್ಬರ ಎದುರು ನಾಚಿಕೆ ಬಿಟ್ಟು "ನಗ್ತಿದ್ದಳಾ" ಎಂದು ಕೇಳುತ್ತಿದ್ದ ಚಿತ್ರ ಕಣ್ಣಿನಿಂದ ಹೋಗಲಿಲ್ಲ. "ನೀವು ಏನು ಹೇಳ್ತಿದ್ರಿ?" ಎಂದು ಕೇಳಿದೆ.

"ಇದ್ದದ್ದ ಹೇಳ್ತಿದ್ದೆ. ಮೊದಲ ಆರ್ ತಿಂಗಳು ನಗಂಗಿಲ್ರಿ ಸರ ಅಂತಿದ್ದೆ. ಈಗ ನಗ್ತಾರ್ರಿ ಅಂತೀನಿ."

ಬಸ್ಸು ಅಶೋಕನ ಶಾಸನವಿರುವ ಗುಡ್ಡದ ಮಸ್ಕಿಗೆ ಬರುವಾಗ ಬಿಸಿಲು ಇಳಿದಿತ್ತು. ನಗುವೇ ಇಲ್ಲದ ಆರು ತಿಂಗಳಲ್ಲಿ ಅಪ್ಪ ವರ್ಗಾವಣೆಗೆ ಓಡಾಡತೊಡಗಿದ್ದರೆಂದು ಆಗ ಹೊಳೆಯಿತು. ಅರ್ಜಿ ಕೈಗೆ ಬರುವ ಹೊತ್ತಿಗೆ ನಾನು ನಗಲು ಕಲಿತಿದ್ದೆ. ಅದು ಅವರಿಗೂ ಗೊತ್ತಿತ್ತು. ಗೊತ್ತಿದ್ದೂ ಓಡಾಟ ನಿಲ್ಲಿಸಲು ಅವರಿಗೆ ಆಗಿರಲಿಲ್ಲ.

ಮರುದಿನ ಸಂಜೆ ಮಾಮೂಲು ಬಸ್ಸಿಗೆ ಬಂದೆ. ಮೆಹಬೂಬಸಾಬರು ಕಟ್ಟೆಯ ಮೇಲಿದ್ದರು. ನಾನೂ ಕುಳಿತೆ. ಫೋನು ಬಂತು. ಅವರು ನನ್ನನ್ನು ನೋಡಿದರು, ನಾನು ಕೈ ಚಾಚಿದೆ.

"ಅಪ್ಪ, ನಾನು."

ಆ ಕಡೆ ಟಿವಿಯ ಸದ್ದು ಕಡಿಮೆಯಾಯಿತು.

"ಸಹಿ ಹಾಕಲ್ಲ ಅಪ್ಪ. ಇಲ್ಲೇ ಇರ್ತೀನಿ. ನೀವೇ ಒಂದ್ಸಲ ಬನ್ನಿ."

ಅವರು ತೂಗಿದರು. ಆಮೇಲೆ "ಅಲ್ಲಿ ಬಿಸಿಲು ಜಾಸ್ತಿ ಅಂತಾರೆ ಮೆಹಬೂಬ್ ಅವರು. ಕೊಡೆ ತರಬೇಕಾ?" ಎಂದರು.

ಇದನ್ನು ಬರೆಯುತ್ತಿರುವುದು ಮಸ್ಕಿಯ ಬಸ್ ನಿಲ್ದಾಣದ ಕಲ್ಲುಬೆಂಚಿನ ಮೇಲೆ. ಸಿಂಧನೂರಿನಿಂದ ಬರುವ ಬಸ್ಸುಗಳು ಈ ಬದಿ, ಸಿಂಧನೂರಿಗೆ ಹೋಗಿ ಅಲ್ಲಿಂದ ಮೈಸೂರಿನ ಬಸ್ಸು ಹಿಡಿಯುವವರದು ಆ ಬದಿ. ಹಬ್ಬಕ್ಕೆ ಹೊರಟಾಗ ಆ ಬದಿಯಲ್ಲಿ ನಿಂತು "ಊರಿಗೆ ಹೊಂಟೀನಿ" ಎನ್ನುತ್ತೇನೆ. ಮೈಸೂರಿನಲ್ಲಿ ನಾಲ್ಕು ದಿನ ಕಳೆದು ಅಮ್ಮನಿಗೆ "ನಾಳೆ ಊರಿಗೆ ಹೋಗ್ಬೇಕು" ಎನ್ನುತ್ತೇನೆ. ಅಮ್ಮ ಮೊದಮೊದಲು ನೊಂದುಕೊಳ್ಳುತ್ತಿದ್ದಳು. ನಾನು ಎರಡನ್ನೂ ತಿದ್ದಿಕೊಂಡಿಲ್ಲ.

ಈಗಷ್ಟೇ ಫೋನು ಬಂತು. ಸಿಂಧನೂರಿನಿಂದ ಹೊರಡುವ ಮುನ್ನ ಬಸ್ಸಿನ ಚಾಲಕರು ಮಾಡಿದ್ದು.

"ಮೇಡಂರ, ನಿಮ್ಮಪ್ಪ ಹತ್ಯಾರ ನೋಡ್ರಿ. ಕಿಟಕಿ ಬಾಜೂಕ ಜಾಗ ಕೊಟ್ಟೀನಿ. ಮಡಿಲಾಗ ಕೊಡೆ ಹಿಡ್ಕೊಂಡ ಕುಂತಾರ."

ಅವರು ಇನ್ನೇನು ಫೋನಿಡುವವರಿದ್ದರು. ನಾನು ತಡೆದು ಕೇಳಿದೆ:

"ನಗಾಕತ್ತಾರೇನ್ರಿ?"