ಗೋಡೆಗೆ ಮುಖ ಮಾಡಿದ ಅಮರತ್ವ

ತೊಂಬತ್ತರ ದಶಕದಲ್ಲಿ ನಾನು ದೋಹಾದ ಓಲ್ಡ್ ಏರ್‌ಪೋರ್ಟ್ ಕಡೆಯ ಒಂದು ಕಟ್ಟಡ ಕಂಪೆನಿಯಲ್ಲಿ ನಕ್ಷೆ ಬರೆಯುವ ಕೆಲಸದಲ್ಲಿದ್ದೆ. ನಮ್ಮ ಮ್ಯಾನೇಜರ್ ಕೈರೋದವರು. ಪಿರಮಿಡ್ಡುಗಳನ್ನು ಅವರ ಸ್ವಂತ ಅಜ್ಜ ಕಟ್ಟಿಸಿ, ಉಳಿದ ಕಾಮಗಾರಿಯನ್ನು ಮೊಮ್ಮಗನಿಗೆ ಒಪ್ಪಿಸಿ ಹೋದಂತಿತ್ತು ಅವರ ಮಾತಿನ ವರಸೆ.

ಕಂಪೆನಿಯ ಹೊಸ ಆಫೀಸು ಮುಗಿಯುತ್ತ ಬಂದಾಗ ಅವರು ನನ್ನನ್ನು ಕರೆದು, ಊರಿನಿಂದ ತಂದ ಪಪೈರಸ್ ಎಂಬ ಜೊಂಡಿನ ಹಾಳೆಯೊಂದನ್ನು ಮೇಜಿನ ಮೇಲೆ ಹರಡಿದರು. ಹಗ್ಗ ಸುತ್ತಿ ಗಂಟು ಹಾಕಿದಂಥ ಉದ್ದನೆಯ ಉಂಗುರ. ಅದರೊಳಗೆ ಹಳೆಯ ಈಜಿಪ್ಟಿನ ಚಿತ್ರಲಿಪಿ: ಹದ್ದು, ಹಾವು, ನೀರಿನ ಅಲೆ, ಒಂದು ಗೂಬೆ.

"ಇದು ನನ್ನ ಹೆಸರು. ಈ ಉಂಗುರಕ್ಕೆ ಕೊನೆಯಿಲ್ಲ. ಇದರೊಳಗೆ ಹೆಸರಿದ್ದವನಿಗೂ ಕೊನೆಯಿಲ್ಲ. ಬಾಗಿಲ ಪಕ್ಕದ ಅಮೃತಶಿಲೆಗೆ ಅಳತೆ ಮಾಡಿ ಬರೆ" ಎಂದರು.

"ಈ ಉಂಗುರ ಫರೋ ರಾಜರಿಗೆ ಮಾತ್ರ ಅಂತ ಕೇಳಿದ್ದೆ ಸರ್."

"ಈ ಆಫೀಸಿಗೆ ಫರೋ ಮತ್ಯಾರು?"

ನಾನು ಬರೆದೆ. ಕಲ್ಲು ಕೆತ್ತನೆಯಾಗಿ ಬಂತು. ಅದನ್ನು ಕಂಡು ಎಲ್ಲರಿಗಿಂತ ಹೆಚ್ಚು ನಕ್ಕವರು ಉಳ್ಳಾಲ ಕಡೆಯ ಬ್ಯಾರಿ, ನಮ್ಮ ಸ್ಟೋರ್‌ಕೀಪರ್. "ಎಂತ ಮಾರಾಯ್ರೆ, ನಮ್ಮ ವೀಸಾ ಎರಡು ವರ್ಷಕ್ಕೆ ಮುಗೀತದೆ. ಇವರಿಗೆ ಮಾತ್ರ ಮುಗಿಯುವುದೇ ಇಲ್ಲವಾ?" ಎಂದರು.

ಉದ್ಘಾಟನೆಗೆ ಮೊದಲು ಕತಾರಿ ಮಾಲೀಕರು ಕಟ್ಟಡ ನೋಡಲು ಬಂದರು. ಬಾಗಿಲ ಬಳಿ ಒರಗಿಸಿಟ್ಟಿದ್ದ ಕಲ್ಲಿನ ಮುಂದೆ ನಿಂತು, ಹದ್ದು ಗೂಬೆಗಳತ್ತ ಬೆರಳು ತೋರಿ ಕೇಳಿದರು, "ಇಲ್ಲಿ ಕೋಳಿ ಮಾರುತ್ತೀರಾ?"

ಮ್ಯಾನೇಜರ್ ಅಮರತ್ವದ ವಿಷಯವನ್ನು ಸವಿಸ್ತಾರವಾಗಿ ವಿವರಿಸಿದರು. ಮಾಲೀಕರು ತಾಳ್ಮೆಯಿಂದ ಕೇಳಿ, "ಒಳ್ಳೆಯದು. ಇಲ್ಲಿ ಕಂಪೆನಿಯ ಹೆಸರು ಬರಲಿ" ಎಂದು ಕಾರು ಹತ್ತಿದರು.

ಹೊಸ ಕಲ್ಲು ತರಿಸಲು ಸಮಯವಿರಲಿಲ್ಲ. ಅದೇ ಕಲ್ಲಿನ ಹಿಂಬದಿಯಲ್ಲಿ ಕಂಪೆನಿಯ ಹೆಸರು ಕೆತ್ತಿಸಿ, ಮ್ಯಾನೇಜರ್ ಹೆಸರನ್ನು ಗೋಡೆಯ ಕಡೆಗೆ ತಿರುಗಿಸುವುದೆಂದಾಯಿತು. ಮ್ಯಾನೇಜರ್ ಊಟ ಬಿಟ್ಟು ಕೂತರು. ಹೆಸರು ಮರೆಯಾಗುವುದೆಂದರೆ ಎರಡನೇ ಸಾವು ಎಂದು ಗೊಣಗಿದರು. ನನಗೂ ಕೆಡುಕೆನಿಸಿತು. ಆದರೆ ಸಂಜೆಯ ಹೊತ್ತಿಗೆ ಅವರ ಮುಖ ಅರಳಿತ್ತು.

"ನಮ್ಮ ಈಜಿಪ್ಟಿನಲ್ಲಿ ಎದುರಿಗಿದ್ದ ಹೆಸರನ್ನೆಲ್ಲ ಆಮೇಲೆ ಬಂದ ರಾಜರು ಉಳಿಯಿಂದ ಕೆತ್ತಿ ತೆಗೆದರು. ಗೋಡೆಯೊಳಗೆ ಸೇರಿದ ಕಲ್ಲುಗಳೇ ಇವತ್ತಿಗೂ ಚೆನ್ನಾಗಿ ಉಳಿದಿರುವುದು. ಮಾಲೀಕರು ನನಗೆ ಉಪಕಾರ ಮಾಡಿದ್ದಾರೆ" ಎಂದರು.

ಕಲ್ಲು ಕೂರಿಸುವ ದಿನ ನಾವೆಲ್ಲ ಸೇರಿದೆವು. ಸ್ಟೋರ್‌ಕೀಪರ್ ನನ್ನ ಹತ್ತಿರ ಸರಿದು ಪಿಸುಗುಟ್ಟಿದರು: "ಉಂಗುರದ ಕೆಳಗೆ ಜಾಗ ಉಂಟಲ್ಲ. ನಮ್ಮದೂ ಒಂದು ಗೀಚುವನಾ? ಹೇಗೂ ಯಾರಿಗೂ ಕಾಣುವುದಿಲ್ಲ."

ಅದು ಕಿವಿಗೆ ಬಿದ್ದ ಮ್ಯಾನೇಜರ್ ಉದಾರವಾಗಿ ಒಪ್ಪಿದರು. ಫರೋಗೂ ಸೇವಕರು ಬೇಕಲ್ಲ. ಒಪ್ಪಿಗೆ ಸಿಕ್ಕಿದ್ದೇ ತಡ, ಜಗಳ ಶುರುವಾಯಿತು. ಅಕೌಂಟೆಂಟ್ ತನ್ನ ಹೆಸರು ಸ್ಟೋರ್‌ಕೀಪರ್‌ಗಿಂತ ಮೇಲಿರಬೇಕೆಂದರು. ಸರ್ವಿಸ್ ತನ್ನದು ಹೆಚ್ಚೆಂದು ಸ್ಟೋರ್‌ಕೀಪರ್ ವಾದಿಸಿದರು. ಗೋಡೆಯೊಳಗಿನ ಕತ್ತಲಲ್ಲಿ ಯಾರು ಮೇಲೆ, ಯಾರು ಕೆಳಗೆ ಎಂದು ಇಬ್ಬರೂ ಬಿಸಿಲಲ್ಲಿ ಬೆವರುತ್ತ ನಿಂತರು. ಆ ಗದ್ದಲದಲ್ಲಿ ನಾನು ಕೈವಾರದ ಮೊನೆಯಿಂದ, ಕನ್ನಡದಲ್ಲಿ, ಮೆಲ್ಲನೆ ಶುರುಮಾಡಿದ್ದೆ.

ಮೇಸ್ತ್ರಿಗೆ ಸಾಕಾಗಿತ್ತು. "ಖಲಾಸ್. ಸಿಮೆಂಟ್ ಗಟ್ಟಿ ಆಗ್ತದೆ" ಎಂದು ಕಲ್ಲನ್ನೆತ್ತಿ ಗೋಡೆಗೆ ಒತ್ತಿಬಿಟ್ಟ. ನನ್ನ ಹೆಸರಿನ ಮೊದಲ ಅಕ್ಷರ ಮಾತ್ರ ಮುಗಿದಿತ್ತು. ಎರಡನೆಯದಕ್ಕೆ ಇನ್ನೂ ದೀರ್ಘ ಹಾಕಬೇಕಿತ್ತು.

ಮ್ಯಾನೇಜರ್ ಎಲ್ಲರಿಗೂ ಬಸ್ಬೂಸಾ ಎಂಬ ರವೆಯ ಸಿಹಿ ತರಿಸಿದರು. ಹೆಸರು ಸೇರದ ಸಿಟ್ಟಿಗೆ ಅಕೌಂಟೆಂಟ್ ಮುಟ್ಟಲಿಲ್ಲ. ಅವರ ಪಾಲನ್ನೂ ಸ್ಟೋರ್‌ಕೀಪರೇ ತಿಂದರು.